ಹಳೆಯ ಮಟ್ಟು, ಹೊಸ ಮನೆ

ಸಂಗೀತವು ಮನುಷ್ಯರನ್ನು ಹತ್ತಿರ ತರುತ್ತದೆ. ಜಾತಿ, ಮತ, ವಯಸ್ಸು ಎಂಬ ಗೋಡೆಗಳನ್ನು ಕೆಡವುತ್ತದೆ. ಈ ಮಾತನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ನಮ್ಮ ಭಜನಾ ಮೇಳ ಪೇಟಿ, ತಬಲಾ, ತಾಳಗಳನ್ನು ಹೊತ್ತು ಬೈಲಹೊಂಗಲದ ಯಾವ ಓಣಿಗೆ ಕಾಲಿಟ್ಟರೂ ಜನ ಹತ್ತಿರ ಬರುವುದಿಲ್ಲ. ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ ಕೇಳುತ್ತಾರೆ: “ಯಾರ್ ಹೋದ್ರರೀ?”

ತಪ್ಪು ಅವರದಲ್ಲ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ತನಕ ಹೆಣದ ಮುಂದೆ ಭಜನೆ ನಡೆಯಬೇಕು. ನಮ್ಮ ಮೇಳ ಈ ಕೆಲಸದಲ್ಲಿ ಪಳಗಿದ್ದು. ಪೇಟಿ ನುಡಿಸುವವರು ಬಜಾರದ ಟೇಲರ್. ತಬಲಾ ನುಡಿಸುವ ಚಾಚಾ ಸ್ವಂತ ಟೆಂಪೋ ಓಡಿಸುವವರು. ಮೇಳದ ಪ್ರಯಾಣವೆಲ್ಲ ಅದರಲ್ಲೇ ಆಗುವುದರಿಂದ ಅವರ ಲಯ ತಪ್ಪಿದರೂ ಯಾರೂ ತಕರಾರು ಮಾಡುವುದಿಲ್ಲ. ಹಿಂದೆ ಕುಳಿತು ಸಾಲು ಎತ್ತಿಕೊಳ್ಳುವ ಹಿಮ್ಮೇಳದವರಲ್ಲಿ ಒಕ್ಕಲುತನದವರೂ ಇದ್ದಾರೆ, ಅಡತಿ ಅಂಗಡಿಯವರೂ ಇದ್ದಾರೆ. ಮುಂದೆ ಕುಳಿತು ಹಾಡುವವನು ನಾನು, ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದು ನಿವೃತ್ತನಾದವನು. ಈ ಸ್ಥಾನ ನನಗೆ ಕಂಠದಿಂದ ಬಂದದ್ದಲ್ಲ. ತತ್ವಪದಗಳೆಲ್ಲ ನನಗೆ ಬಾಯಿಪಾಠವಾಗಿದ್ದವು; ಅಲ್ಲದೆ ನಾವು ಯಾರ ಮುಂದೆ ಹಾಡುತ್ತೇವೆಯೋ ಅವರು ಈವರೆಗೆ ಒಬ್ಬರೂ ಎದ್ದು ಕುಳಿತು ಆಕ್ಷೇಪಿಸಿಲ್ಲ.

ಹೀಗೆ ನೆಮ್ಮದಿಯಿಂದ ಇದ್ದ ನನಗೆ ಒಂದು ಆಸೆ ಹುಟ್ಟಿತು. ಸೊಸೆ ಚೊಚ್ಚಲ ಹೆರಿಗೆಗೆ ತವರಿಗೆ, ಅಂದರೆ ರಾಮದುರ್ಗಕ್ಕೆ, ಹೋಗಿದ್ದಳು. ಪದ್ಧತಿಯಂತೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೂ ಅಲ್ಲೇ. ನನ್ನ ಮೊದಲ ಮೊಮ್ಮಗುವಿನ ತೊಟ್ಟಿಲ ಮುಂದೆ ನಮ್ಮ ಮೇಳ ಹಾಡಬೇಕು, ಜೋಗುಳವನ್ನು ನಾನೇ ಎತ್ತಿಕೊಡಬೇಕು ಎಂದುಕೊಂಡೆ. ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

“ಕೂಸು ಕಣ್ಣ ಬಿಡೂದ್ರಾಗ ಅದಕ್ಕ ಹೋಗೋ ದಾರಿ ತೋರಸ್ತೀರೇನು?”

ಬೀಗರು ರಾಮದುರ್ಗದಲ್ಲಿ ಸೀರೆ ಅಂಗಡಿ ಇಟ್ಟವರು. ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮನುಷ್ಯ. ನನ್ನ ಆಸೆಯನ್ನು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು.

“ಆಗಲ್ರಿ ಬೀಗರ. ಆದ್ರ ಅದಕ್ಕಿಂತ ಮೊದಲ ನಮ್ಮ ಹೊಸಾ ಮನಿ ವಾಸ್ತುಶಾಂತಿ ಐತಿ. ಅಲ್ಲೆ ಒಂದೀಟ ಹಾಡ್ರಿ. ಬಂದ ಮಂದಿ ಒಪ್ಪಿದ್ರಂದ್ರ ತೊಟ್ಟಲಕ್ಕೂ ನಿಮ್ಮ ಮ್ಯಾಳನ.”

ಗಿರಾಕಿಗೆ ಸೀರೆಯನ್ನು ಹೆಗಲ ಮೇಲೆ ಹಾಕಿ ಕನ್ನಡಿ ತೋರಿಸುವ ಪದ್ಧತಿ ಇದು. ನಾನು ಒಪ್ಪಿಕೊಂಡೆ.

ಆಮೇಲೆ ಯೋಚಿಸಿದರೆ, ಮೇಳದ ಬಳಿ ಶುಭಕಾರ್ಯಕ್ಕೆ ಒದಗುವ ಹಾಡು ಒಂದೂ ಇಲ್ಲ. ನಮ್ಮ ಪದಗಳ ಬೋಧೆಯೆಲ್ಲ ಒಂದೇ: ಈ ದೇಹ ಒಂದು ಮನೆ, ಅದು ಬೀಳುವುದು ಖಂಡಿತ, ಬೇಗ ಹೊರಡು. ಹೊಸ ಮನೆ ಕಟ್ಟಿಸಿದವರಿಗೆ ಇದನ್ನು ಹೇಳಲಾದೀತೆ? ಹಾಗಾಗಿ ನಾನೇ ಒಂದು ಹಾಡು ಕಟ್ಟಲು ಕುಳಿತೆ. ನಮ್ಮಲ್ಲಿ ಹಾಡು ಕಟ್ಟುವುದೆಂದರೆ ಹಳೆಯ ಮಟ್ಟಿಗೆ ಹೊಸ ಮಾತು ಕೂಡಿಸುವುದು. ಹೊಸ ಮಟ್ಟು ಕಲಿಯುವ ವಯಸ್ಸು ಮೇಳದಲ್ಲಿ ಯಾರಿಗೂ ಉಳಿದಿಲ್ಲ. ಇರುವ ಮಟ್ಟುಗಳಲ್ಲಿ ಎಲ್ಲರೂ ಕೂಡಿ ಒಂದೇ ಸ್ವರದಲ್ಲಿ ಹಾಡಬಲ್ಲದ್ದು ಯಾವುದೆಂದು ವಿಚಾರಿಸಿದೆ. ಅದು ಹೆಣ ಎತ್ತುವಾಗ ಹಾಡುವ ಪದದ್ದು:

“ಮಣ್ಣಿನ ಗ್ವಾಡಿ ಎಷ್ಟು ದಿನಾ
ಕದಾ ಮುಚ್ಚಿ ನಡಿಯೋ ಮನಾ.”

ಮಾತು ಬದಲಾದರೆ ಹಾಡೇ ಬದಲಾಯಿತೆಂದು ನಾನು ಗಂಭೀರವಾಗಿ ನಂಬಿದ್ದೆ. ಅದೇ ಅಳತೆಗೆ ಬರೆದೆ:

“ಮಾವಿನ ತೋರಣ ಕಟ್ಟಿದ ದಿನಾ
ನಗುವೇ ತುಂಬಿದ ಮನಿಯೋ ಮನಾ.”

ಇದರಲ್ಲಿ ಕಾವ್ಯವಿಲ್ಲ ಎಂಬುದು ನನಗೂ ಗೊತ್ತು. ಆದರೆ ಸಾವೂ ಇರಲಿಲ್ಲ. ಅಷ್ಟು ಸಾಕಿತ್ತು.

ತಾಲೀಮು ಚೆನ್ನಾಗಿಯೇ ಆಯಿತು. ಹಾಡುವಾಗ ಕಣ್ಣು ಮುಚ್ಚುವುದು ನಮ್ಮ ಹಿಮ್ಮೇಳದ ಹಳೆಯ ಅಭ್ಯಾಸ. ತಾಲೀಮಿನಲ್ಲಿ ನಾನು ಅದನ್ನು ನಿಷೇಧಿಸಿ, ಎಲ್ಲರ ಎದುರಿಗೂ ಮಾತು ಬರೆದ ಹಾಳೆ ಇಟ್ಟಿದ್ದೆ. ವಾಸ್ತುಶಾಂತಿಯ ದಿನ ಬೆಳಗ್ಗೆ ಹೆಂಡತಿಯನ್ನೂ ಕರೆದುಕೊಂಡು ಎಲ್ಲರೂ ಟೆಂಪೋ ಏರಿದೆವು. ಯರಗಟ್ಟಿಯಲ್ಲಿ ಚಹಾಕ್ಕೆ ಇಳಿದಾಗ ಚಾಚಾ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು.

“ಪೋಸ್ಟ್ ಸಾಹೇಬ್ರ, ಇವತ್ತರ ನಕ್ಕೋತ ಹಾಡ್ರಿ ಅಂತ ಹೇಳ್ರಿ ಇವರಿಗೆ. ಇವರ ಮಾರಿ ನೋಡಿದ್ರ ವಾಸ್ತುಶಾಂತಿ ಮನಿ ಮಂದಿನ ಬಂದ ನಮಗ ಸಮಾಧಾನ ಹೇಳ್ತಾರ.”

“ನಗಾಕ ಅಡ್ಡಿಯಿಲ್ಲ ಚಾಚಾ,” ಎಂದರು ಟೇಲರ್, “ನಕ್ರ ಹಲ್ಲಿನ ಸೆಟ್ ಸಡ್ಲ ಆಗತೈತಿ.”

ಬೀಗರ ಮನೆ ನಿಜಕ್ಕೂ ಚೆಂದವಿತ್ತು. ಬಂದವರನ್ನೆಲ್ಲ ಅವರು ಮೊದಲು ಮುಂಬಾಗಿಲ ಬಳಿ ನಿಲ್ಲಿಸಿ, “ಸಾಗವಾನಿ ಐತ್ರಿ, ಮುಟ್ಟಿ ನೋಡ್ರಿ” ಎನ್ನುತ್ತಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ನಾವು ಕುಳಿತೆವು. ಎದುರಿಗೆ ನೆಂಟರಿಷ್ಟರು, ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು, ಕುರ್ಚಿಯಲ್ಲಿ ಬೀಗರ ಮುದಿ ತಾಯಿ.

ಮೊದಲ ನುಡಿ ಸುಸೂತ್ರವಾಗಿ ಸಾಗಿತು. ಯಾರೋ ತಲೆದೂಗಿದರು. ಬೀಗರು ನನ್ನ ಕಡೆ ನೋಡಿ ನಕ್ಕರು. ತೊಟ್ಟಿಲು ನನ್ನ ಕಣ್ಣ ಮುಂದೆ ತೂಗತೊಡಗಿತು.

ಎರಡನೆಯ ನುಡಿಗೆ ಹಿಮ್ಮೇಳಕ್ಕೆ ರಂಗೇರಿತು. ರಂಗೇರಿದರೆ ಅವರ ಕಣ್ಣು ತಾವಾಗಿಯೇ ಮುಚ್ಚುತ್ತವೆ. ಕಣ್ಣು ಮುಚ್ಚಿದ ಮೇಲೆ ಹಾಳೆ ಇದ್ದರೇನು, ಬಿಟ್ಟರೇನು? ನಾನು ಮಾವಿನ ತೋರಣ ಎಂದು ಎತ್ತಿಕೊಟ್ಟೆ. ಹಿಂದಿನಿಂದ ತುಂಬು ಕಂಠದಲ್ಲಿ ಉತ್ತರ ಬಂತು:

“ಮಣ್ಣಿನ ಗ್ವಾಡಿ ಎಷ್ಟು ದಿನಾ!”

ಬೀಗರ ಕೈ ಆಗ ಸಾಗವಾನಿ ಬಾಗಿಲ ಮೇಲಿತ್ತು.

ತಿರುಗಿ ಕಣ್ಣು ಕೆಕ್ಕರಿಸಿದೆ. ಮುಚ್ಚಿದ ಕಣ್ಣುಗಳಿಗೆ ಕೆಕ್ಕರಿಸಿ ಫಲವಿಲ್ಲ. ನನ್ನ ಮಾತಾದರೂ ಅವರ ಕಿವಿಗೆ ಬೀಳಲಿ ಎಂದು ದನಿ ಏರಿಸಿದೆ. ಅಲ್ಲಿಗೆ ಕೆಲಸ ಪೂರ್ತಿ ಕೆಟ್ಟಿತು. ಮುಂದೆ ಕುಳಿತವನು ದನಿ ಏರಿಸಿದನೆಂದರೆ, ಹೆಣ ಎತ್ತುವ ಹೊತ್ತಾಯಿತು, ಲಯ ಹೆಚ್ಚಿಸಿ ಎಂದು ನಮ್ಮ ಮೇಳದಲ್ಲಿ ಅರ್ಥ. ಚಾಚಾ ತಬಲಾದ ಮೇಲೆ ಬಗ್ಗಿಯೇ ಬಿಟ್ಟರು. ತಾಳಗಳು ಚಡಪಡಿಸಿದವು. “ಕದಾ ಮುಚ್ಚಿ ನಡಿಯೋ ಮನಾ” ಎಂದು ಹಿಮ್ಮೇಳ ಪಡಸಾಲೆಯನ್ನು ನಡುಗಿಸಿತು. ಮೂರನೆಯ ನುಡಿಯಲ್ಲಿ ಹಳೆಯ ಮಾತನ್ನೇ ಹಾಡುತ್ತಿದ್ದ ದನಿಗಳಲ್ಲಿ ಒಂದು ಪರಿಚಿತವಾಗಿ ಕೇಳಿಸಿತು. ಗಮನಿಸಿದರೆ ಅದು ನನ್ನದೇ.

ಮುಗಿದಾಗ ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಕುರ್ಚಿಯಿಂದ ಮುದುಕಿಯ ದನಿ ಬಂತು.

“ಯಾಕ ನಿಂದರಸಿದ್ರಿ? ಹಿಂಗ ಹಾಡೋರು ಈಗ ಎಲ್ಲದಾರ? ತಮ್ಮಾ, ಇವರನ್ನ ಬಿಡಬ್ಯಾಡ. ನಾ ಹೋದಾಗ ಇವರನ್ನ ಕರಸು. ಇದ ಪದಾ ಹಾಡ್ಲಿ.”

“ಯವ್ವಾ, ಶುಭಕಾರ್ಯ ಐತಿ ಇವತ್ತ!” ಎಂದರು ಬೀಗರು. ಅವರ ದನಿ ಅಷ್ಟು ಎತ್ತರ ಹೋದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

“ಐತೇಳೋ. ನಾ ಏನ ಇವತ್ತ ಹೊಂಟೇನೇನು?” ಮುದುಕಿ ನನ್ನತ್ತ ಬೆರಳು ಮಾಡಿದಳು. “ಆದ್ರ ಮುಂದ ಕುಂತಾರಲ್ಲ, ಅವರಿಗೆ ಒಂದೀಟ ಸಣ್ಣ ದನೀಲೆ ಹಾಡಾಕ ಹೇಳು. ಹಿಂದಿನವರದ್ದು ಕೇಳಸಂಗಿಲ್ಲ.”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಬೀಗರು ಮಾತ್ರ ನಗಲಿಲ್ಲ. ಊಟಕ್ಕೆ ಕುಳಿತಾಗ ನನ್ನ ಎಲೆಗೆ ತಾವೇ ಬಂದು ಹೋಳಿಗೆ ಬಡಿಸಿದರು, ಮೇಲೆ ತುಪ್ಪ ಹೊಯ್ದರು. ಚಾಚಾ ಪಕ್ಕದಲ್ಲಿ ಕುಳಿತು, “ಕಾರ್ಯಕ್ರಮ ಭಾರಿ ಆತು ಸಾಹೇಬ್ರ” ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಮರಳಿ ಬರುವಾಗ ಟೆಂಪೋದಲ್ಲಿ ನಾನು ಹೆಂಡತಿಗೆ, ಮಾತಿನಲ್ಲಿ ದೋಷವಿರಲಿಲ್ಲ, ಎಲ್ಲವೂ ಹೊಚ್ಚ ಹೊಸವು, ಎಂದು ವಿವರಿಸತೊಡಗಿದೆ.

“ಚಕ್ಕಡಿಗೆ ಹೊಸಾ ಬಣ್ಣಾ ಹಚ್ಚಿದ್ರ ಎತ್ತ ಬ್ಯಾರೆ ಊರಿಗೆ ಹೊಕ್ಕಾವೇನ್ರಿ?” ಎಂದು ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

ಮುಂದೆ ಸೊಸೆಗೆ ಹೆಣ್ಣು ಮಗುವಾಯಿತು. ತಾಯಿ, ಕೂಸು ಇಬ್ಬರೂ ಸುಖವಾಗಿದ್ದರು. ತೊಟ್ಟಿಲ ಕಾರ್ಯಕ್ಕೆ ಕರೆಯಲು ಬೀಗರು ಫೋನ್ ಮಾಡಿದರು. ದನಿ ಎಂದಿನಂತೆ ಮೆತ್ತಗಿತ್ತು.

“ನೀವು, ಬೀಗತಿಯಾರು ಇಬ್ಬರೂ ಬರಬೇಕ್ರಿ. ಟೆಂಪೋದಾಗ ಯಾಕ ತ್ರಾಸ ತಗೋತೀರಿ? ನಾ ಕಾರ್ ಕಳಸ್ತೇನಿ.”

ಕಾರಿನಲ್ಲಿ ಡ್ರೈವರನನ್ನು ಬಿಟ್ಟರೆ ಎಷ್ಟು ಮಂದಿ ಹಿಡಿಯುತ್ತಾರೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಕೇಳಿದೆ.

“ಜೋಗುಳ, ಬೀಗರ?”

“ಅದನ್ನ ಹೆಣ್ಣಮಕ್ಕಳ ಹಾಡ್ತಾರ್ರಿ. ಪಾಪ, ನೀವು ದಣೀಬ್ಯಾಡ್ರಿ.”

ತೊಟ್ಟಿಲ ಕಾರ್ಯ ರಾಮದುರ್ಗದ ಹೊಸ ಮನೆಯಲ್ಲಿ ನಡೆಯಿತು. ಜೋಗುಳವನ್ನು ಓಣಿಯ ಹೆಂಗಸರು ಹಾಡಿದರು. ಮೇಳ ಬೈಲಹೊಂಗಲದಲ್ಲೇ ಉಳಿಯಿತು.