ಶೇಂಗಾ ಬೇರಿನ ಗಂಟು

ನಮ್ಮ ಮನೆಯಲ್ಲಿ ಎರಡು ಜರಡಿಗಳಿವೆ. ಒಂದು ಹಿಟ್ಟಿಗೆ, ಇನ್ನೊಂದು ಬೇರಿಗೆ. ಬೇರಿನ ಜರಡಿಯಲ್ಲಿ ಮೊದಲು ನಾನು ನುಚ್ಚು ಹಿಡಿಯುತ್ತಿದ್ದೆ. ತಮ್ಮನ ಮಗಳು ರಾಯಚೂರಿಗೆ ಓದಲು ಬಂದು ನಮ್ಮಲ್ಲಿ ಉಳಿದ ಮೇಲೆ ಅದು ಹಿತ್ತಲ ನಲ್ಲಿಯ ಕೆಳಗೆ ಹೋಯಿತು.

ಅವಳು ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದಳು. ಕೆಲಸವೆಲ್ಲ ಶೇಂಗಾ ಗಿಡದ ಮೇಲೆ. ಕಾಲೇಜಿಗೆ ಬೇಡವಾದ ಗಿಡಗಳನ್ನು ಕುಂಡದ ಸಮೇತ ಸಿಟಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಬೇರು ತೊಳೆದು ನೋಡುತ್ತ ಕೂಡುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದರೆ ಅವಳು ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಶೇಂಗಾ ಬೇರಿನಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಗಂಟುಗಳಿರುತ್ತವೆ. ಅವುಗಳಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಗಾಳಿಯಲ್ಲಿನ ಸಾರಜನಕವನ್ನು ಗೊಬ್ಬರ ಮಾಡಿ ಗಿಡಕ್ಕೆ ಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಉಣಿಸುತ್ತದೆ. ಉಣ್ಣುವ ಬಾಯಿ ಹೆಚ್ಚಾದರೆ ಗಿಡವೇ ಸೊರಗುತ್ತದೆ. ಅದಕ್ಕೇ ಒಂದಿಷ್ಟು ಗಂಟು ಕಟ್ಟಿದ ಮೇಲೆ ಬೇರು ಪುಟ್ಟದೊಂದು ಪ್ರೋಟೀನನ್ನು, ಪೆಪ್ಟೈಡ್ ಅನ್ನುತ್ತಾರಂತೆ ಅದಕ್ಕೆ, ನೀರಿನ ಜೊತೆ ಮೇಲಕ್ಕೆ ಕಳಿಸುತ್ತದೆ. ಎಲೆ ಅದನ್ನು ಗುರುತು ಹಿಡಿದು ಕೆಳಕ್ಕೆ ಸುದ್ದಿ ಮುಟ್ಟಿಸುತ್ತದೆ: ಸಾಕು, ಇನ್ನು ಕಟ್ಟಬೇಡ.

"ಎಲಿಗೆ ಕಿವಿ ಅದಾವೇನು?" ಎಂದೆ.

"ಅದಾವ ಅಂತ ತಿಳ್ಕೊ ಅತ್ತಿ. ನಾ ನೋಡಾಕತ್ತಿದ್ದು ಕಿವುಡ ಎಲಿ ಗಿಡ. ಬೇರು ಎಷ್ಟು ಹೇಳಿದ್ರೂ ಅದಕ್ಕ ಕೇಳ್ಸಂಗಿಲ್ಲ."

"ನಿಮ್ಮ ಮಾವನಂಗ."

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡನಿಗೆ ಇದೂ ಕೇಳಿಸಲಿಲ್ಲ.

ಒಂದು ಭಾನುವಾರ ತಮ್ಮ ದೇವದುರ್ಗದ ಕಡೆಯ ನಮ್ಮೂರು ಗೂಗಲ್‌ನಿಂದ ಬಂದ. ನೀರು ಕುಡಿಯುವ ಮೊದಲೇ ವಿಷಯ ತೆಗೆದ. "ಎಂ.ಎಸ್ಸಿ. ಆತು. ಇನ್ನ ಸಾಕು. ಕೃಷಿ ಅಧಿಕಾರಿ ಪರೀಕ್ಷಿಗೆ ಓದು. ಇದು ಯಾವಾಗ ಮುಗೀತದ ಅಂತ ನಿನಗ ಗೊತ್ತಿಲ್ಲ."

ಅವನನ್ನು ಹೇಗೆ ತಪ್ಪು ಅನ್ನಲಿ. ನಾವಿಬ್ಬರೂ ಮಂದಿಯ ಹೊಲದಲ್ಲಿ ಕಳೆ ತೆಗೆದು ಬೆಳೆದವರು. ಅವನು ಎರಡು ತುಂಡು ಹೊಲ ಮಾಡಿಕೊಂಡದ್ದೂ ಈಚೆಗೆ. ನೌಕರಿಯೆಂದರೆ ಅವನಿಗೆ ಕಾಲಿಗೆ ಸಿಗುವ ನೆಲ. ಆದರೆ ಈಗ ಬಿಟ್ಟರೆ ಅರ್ಧಕ್ಕೆ ನಿಂತ ಈ ಕೆಲಸ ಮತ್ತೆ ಅವಳ ಕೈಗೆ ಸಿಗುವುದಿಲ್ಲ.

ಹುಡುಗಿ ಎದ್ದಳು. ಅಪ್ಪನನ್ನು ಹಿತ್ತಲಿಗೆ ಕರೆದೊಯ್ದು ಎರಡು ಗಿಡ ಕಿತ್ತು ಬೇರು ತೊಳೆದು ಜರಡಿಯಲ್ಲಿಟ್ಟಳು. ಒಂದು ಎಲ್ಲರ ಹೊಲದಲ್ಲಿರುವಂಥದು. ಇನ್ನೊಂದು ಗೇಣುದ್ದವೂ ಇಲ್ಲ, ಬೇರಿನ ತುಂಬ ಗಂಟು ಮುತ್ತಿಕೊಂಡಿವೆ.

"ಗಂಟು ರೋಗ ಹತ್ತೇದ ಇದಕ್ಕ," ಎಂದ ತಮ್ಮ. "ಸುಟ್ಟುಬಿಡು. ಇಂಥಾದ್ದು ಮನಿಗ್ಯಾಕ ತಂದಿ?"

"ರೋಗ ಅಲ್ಲ ಯಪ್ಪಾ. ರೋಗದಾಗ ಬೇರ ಉಬ್ಬಿರತದ, ಗಂಟು ಬಿಡಿಸಾಕ ಬರಂಗಿಲ್ಲ. ಇವು ನೋಡು, ಉದುರತಾವ." ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ಎಳೆಮಗುವಿನ ಒಸಡಿನ ಬಣ್ಣ. ಆಮೇಲೆ ನನಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದಳು.

ತಮ್ಮ ಕುಕ್ಕರಗಾಲಲ್ಲಿ ಕೂತು ಪೂರ್ತಿ ಕೇಳಿದ. ಕೇಳಿ ನಕ್ಕ. "ಅಂದ್ರ ಸಾಕು ಅಂದ್ರ ತಿಳೀದ ಗಿಡ ಇದು. ನೀನೂ ಇದರಂಗ ಆಗೀದಿ."

ಹುಡುಗಿ ತನ್ನ ಗಿಡ ತಾನೇ ಕಿತ್ತು ಅಪ್ಪನ ಕೈಗೆ ಕೊಟ್ಟಂತಾಯಿತಲ್ಲ ಅನ್ನಿಸಿತು ನನಗೆ. ಅವಳು ಸ್ವಲ್ಪ ಹೊತ್ತು ಜರಡಿಯ ಮಣ್ಣು ತೊಳೆದಳು.

"ಆ ಸಾಕು ಅನ್ನೂ ಮಾತು ಎಲ್ಲಿಂದ ಹೊಂಡತದ ಯಪ್ಪಾ?"

"ಬೇರಿನಿಂದ ಅಂದಿ."

"ಹೌದು, ಗಂಟು ಹೊತ್ತ ಬೇರ ಹೇಳತದ. ನೀರು ಬಿಡಾವ, ಗೊಬ್ಬರ ಹಾಕಾವ ಹೇಳಂಗಿಲ್ಲ. ನನಗ ಸಾಕಾದ ದಿನ ನಾನ ಹೇಳ್ತೀನಿ. ನೀ ಕೇಳಿಸ್ಕೊ, ಅಷ್ಟ."

"ಹಂಗಾದ್ರ ನಾ ಎಲಿ ಏನು?" ಎಂದ ತಮ್ಮ.

ಊಟಕ್ಕೆ ಕೂತಾಗ ಅವನು ರೊಟ್ಟಿ ಸಾಕೆಂದ. ನಾನು ರೂಢಿಯಂತೆ ಇನ್ನೊಂದು ಹಾಕಲು ಹೋದೆ. ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ರೊಟ್ಟಿ ಬುಟ್ಟಿಗೆ ವಾಪಸ್ ಹೋಯಿತು. ಇಷ್ಟು ವರ್ಷ ಎಷ್ಟು ಜನ ಸಾಕು ಅಂದದ್ದನ್ನು ನಾನು ಬರೀ ಉಪಚಾರದ ಮಾತೆಂದು ತಿಳಿದಿದ್ದೆನೋ.

ಅವನು ಆಟೋ ಹತ್ತುವಾಗ ಕೇಳಿದೆ. "ಲೇ ತಮ್ಮಾ, ಏನಂತಿ?"

"ನೋಡೂಣ ಯಕ್ಕಾ," ಎಂದ. ಅದರಲ್ಲಿ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ.

ಆಮೇಲೆ ಹುಡುಗಿ ಸಂಜೆಗಳಲ್ಲಿ ಪರೀಕ್ಷೆಯ ಪುಸ್ತಕ ತೆರೆದು ಕೂಡತೊಡಗಿದಳು. ಅಪ್ಪನನ್ನು ಎದುರಿಸಿ ಮಾತಾಡಿದವಳಿಗೆ ಅವನ ಮೌನ ಎದುರಿಸಲು ಆಗಲಿಲ್ಲ. ಜರಡಿ ಗೋಡೆಗೆ ಒರಗಿ ಒಣಗಿ ನಿಂತಿತು. ನಾನು ಅದನ್ನು ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ತಮ್ಮನ ಫೋನು. ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಒಂದು ಚೀಲ ಕೊಟ್ಟಿದ್ದೇನೆ, ಇಳಿಸಿಕೊಳ್ಳಿ ಎಂದ. ಹುಡುಗಿ ಹೋಗಿ ತಂದಳು. ಒದ್ದೆ ಗೋಣಿಚೀಲದೊಳಗೆ ಶೇಂಗಾ ಗಿಡಗಳು, ಎರಡು ಕಟ್ಟು, ಬೇರಿಗೆ ಮಣ್ಣು ಅಂಟಿಕೊಂಡೇ ಇತ್ತು.

ತಿರುಗಿ ಫೋನು ಮಾಡಿದೆ. "ಹೊಳಿ ಕಡಿ ಹೊಲದ್ದು ಒಂದು ಕಟ್ಟು, ಮ್ಯಾಗಿನ ಹೊಲದ್ದು ಒಂದು," ಎಂದ. "ಮ್ಯಾಗಿನದರಾಗ ಗಂಟು ಭಾಳ ಕಮ್ಮಿ ಅದಾವ. ಇಷ್ಟು ದಿನ ನಾ ನೋಡಿದ್ದಿಲ್ಲ. ಯಾಕ ಅಂತ ಕೇಳು ಆಕಿನ್ನ."

ಹುಡುಗಿ ಆಗಲೇ ನಲ್ಲಿಯ ಕೆಳಗೆ ಕೂತಿದ್ದಳು, ಜರಡಿಯ ಮೇಲೆ ನೀರು ಬೀಳುತ್ತಿತ್ತು. ಕೇಳಿದೆ.

"ಈಗ ಹೇಳಾಕ ಆಗಂಗಿಲ್ಲ ಅತ್ತಿ. ಇನ್ನೊಂದು ಬೆಳಿ ನೋಡಬೇಕು ಅಂತ ಹೇಳು."

ಅದನ್ನೇ ಅವನಿಗೆ ಹೇಳಿದೆ. ಫೋನಿನಲ್ಲಿ ಗಾಳಿಯ ಸದ್ದು ಬರುತ್ತಿತ್ತು. ಹೊಲದಲ್ಲೇ ನಿಂತಿದ್ದನೆಂದು ಕಾಣುತ್ತದೆ.

"ಹಂಗಾದ್ರ ಎರಡೂ ಹೊಲದ ಬೀಜ ಬ್ಯಾರೆ ಬ್ಯಾರೆ ತೆಗದಿಡ್ತೀನಿ," ಎಂದ.