ಏಳನೇ ಬಾವಿಯ ಮೇಲಿನ ನೀರು

ನನ್ನ ನೋಟುಬುಕ್ಕಿನಲ್ಲಿ ಏಳನೇ ಬಾವಿಗೆ ಒಂದು ಇಡೀ ಪುಟ ಇದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಎಂಟು ಅಂಕಿಗಳು. 380ಕ್ಕಿಂತ ಕೆಳಗೆ ಒಂದೂ ಇಳಿದಿಲ್ಲ, 430 ಒಂದೂ ದಾಟಿಲ್ಲ. ನೀರಿನ ಉಪ್ಪು ಅಳೆಯುವ ಮೀಟರು ಸರಿಯಾಗಿಯೇ ಇತ್ತು. ಪ್ರತಿ ಸಲ ಹೊರಡುವ ಮುಂಚೆ ಪರೀಕ್ಷಿಸಿ ಪುಟದ ಮೂಲೆಯಲ್ಲಿ ಟಿಕ್ ಹಾಕಿದ್ದೇನೆ. ಆದರೂ ಆ ಎಂಟನ್ನೂ ಯಾರೂ ನಂಬಬಾರದಿತ್ತು.

ಅಂಕೋಲೆಯ ಹತ್ತಿರ ನದಿ ಸಮುದ್ರ ಸೇರುವಲ್ಲಿ ಒಂದು ಕೂರ್ವೆ ಇದೆ. ನದಿಯ ನಡುಗಡ್ಡೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅಲ್ಲಿ ಹನ್ನೆರಡು ಬಾವಿಗಳು, ಸುತ್ತ ಉಪ್ಪುನೀರು. ಮಳೆಗಾಲದಲ್ಲಿ ಇಂಗಿದ ಸಿಹಿನೀರು ಹಗುರವಾದ್ದರಿಂದ ನೆಲದಡಿಯ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಬೇಸಿಗೆ ಬಂದಂತೆ ಆ ಪದರು ತೆಳ್ಳಗಾಗುತ್ತದೆ. ಎಷ್ಟು ತೆಳ್ಳಗಾಯಿತೆಂದು ಅಳೆಯುವುದು ನನ್ನ ಕೆಲಸ. ಅಮಾವಾಸ್ಯೆ, ಹುಣ್ಣಿಮೆಗಳ ಮರುದಿನ, ಸಮುದ್ರದ ಭರತ ದೊಡ್ಡದಿರುವಾಗ, ಹಟ್ಟಿಕೇರಿಯ ಮನೆಯಿಂದ ಬಸ್ಸು ಹಿಡಿದು, ಆಮೇಲೆ ದೋಣಿ ದಾಟಿ ಹೋಗುತ್ತಿದ್ದೆ. ಪ್ರತಿ ಬಾವಿಯಿಂದ ಎರಡು ಬಾಟಲಿ ನೀರು, ಮೇಲಿನದೊಂದು, ತಳದ್ದೊಂದು. ತಳದ ನೀರಿಗೆಂದೇ ತೂಕ ಕಟ್ಟಿದ ಕೊಳವೆ, ಒಂದೊಂದು ಮೀಟರು ಅಂತರಕ್ಕೆ ಗಂಟು ಹಾಕಿದ ಹಗ್ಗ.

"ಬಂದ್ರು ನೋಡು ಬಾವಿ ಅಕ್ಕೋರು," ಎನ್ನುತ್ತಿದ್ದ ದೋಣಿಯವ. ಶಾಲೆಯ ಟೀಚರಿಗೆ ಅವರು ಅಕ್ಕೋರು ಎನ್ನುವುದು. "ಇವತ್ತು ಯಾವ ಬಾವಿ ನಪಾಸು?"

"ಇನ್ನೂ ಪರೀಕ್ಷೆನೇ ಆಗ್ಲಿಲ್ಲ."

"ಪರೀಕ್ಷೆ ಎಂತಕ್ಕೆ? ನಮ್ಮನೆ ಬಾವಿ ನಾಕು ವರ್ಷದಿಂದ ನಪಾಸು. ಅದ್ಕೇ ನಮ್ಮನೆಯವಳು ಬೆಳಗಾದ್ರೆ ಏಳನೇ ನಂಬ್ರಕ್ಕೆ ಓಡೂದು."

ಕೂರ್ವೆಯ ಮುಕ್ಕಾಲು ಮನೆಗಳು ಹಾಗೆ ಓಡುತ್ತಿದ್ದವು. ಉಳಿದ ಹನ್ನೊಂದು ಬಾವಿಗಳ ನೀರಿನಲ್ಲಿ ಜನವರಿಯ ಹೊತ್ತಿಗೇ ಬೇಳೆ ಬೇಯುತ್ತಿರಲಿಲ್ಲ.

ಏಳನೇ ಬಾವಿ ಇರುವುದು ಒಬ್ಬ ಅರವತ್ತರ ಹೆಂಗಸಿನ ಅಂಗಳದಲ್ಲಿ, ತುಳಸಿಕಟ್ಟೆಯ ಪಕ್ಕ. ಮಗ ಅರ್ಗಾದ ಕಡೆ ಕೂಲಿ ಕೆಲಸಕ್ಕೆ ಹೋಗುತ್ತಾನೆ, ತುಂಡು ಗದ್ದೆಯನ್ನು ಅವರೇ ನೋಡಿಕೊಳ್ಳುತ್ತಾರೆ. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಮೊದಲ ದಿನ ನಾನು ಕೊಳವೆ ಬಿಚ್ಚುವುದನ್ನು ನೋಡಿ ಅವರು ಕೈ ಅಡ್ಡ ಹಿಡಿದರು.

"ಹೊರಗಿನ ಹಗ್ಗ ಈ ಬಾವಿಗೆ ಇಳ್ಸೂಕಾಗ, ತಂಗಿ. ದೇವ್ರಿಗೆ ಎರೆಯೂ ನೀರು. ನಿಂಗೆ ಎಷ್ಟ್ ಬೇಕು ಹೇಳು, ನಾನೇ ಕೊಡ್ತೆ."

ಒಳಗಿನಿಂದ ತಟ್ಟೆ ಮುಚ್ಚಿದ ತಂಬಿಗೆ ತಂದು ಕೊಟ್ಟರು. ಅಳೆದೆ. ಷರಾದ ಸಾಲಿನಲ್ಲಿ 'ಮನೆಯವರು ಕೊಟ್ಟ ನೀರು. ತಳದ ಮಾದರಿ ಇಲ್ಲ' ಎಂದು ಬರೆದೆ. ಎಂಟು ಸಲವೂ ಅದನ್ನೇ ಬರೆದಿದ್ದೇನೆ. ಆದರೆ ಕಚೇರಿಗೆ ಕಳಿಸುವ ಹಾಳೆಯಲ್ಲಿ ಷರಾಕ್ಕೆ ಜಾಗವೇ ಇಲ್ಲ. ತಳದ ಚೌಕ ಖಾಲಿ ಬಿಟ್ಟಾಗ ಹಾಳೆ ವಾಪಸು ಬಂತು. "ಅಷ್ಟೇನೂ ಆಳದ ಬಾವಿ ಅಲ್ವಲ್ಲ, ಮೇಲಿನ ಅಂಕಿಯನ್ನೇ ಎರಡೂ ಕಡೆ ಹಾಕಿ," ಎಂದರು ನಮ್ಮ ಮೇಲಿನವರು ಫೋನಿನಲ್ಲಿ. ಹಾಕಿದೆ. ಮುಂದಿನ ಏಳು ಸಲ ಯಾರೂ ಹೇಳದೆಯೇ ಹಾಕಿದೆ.

ಫೆಬ್ರವರಿಯ ಕೊನೆಗೆ ಸುದ್ದಿ ಬಂತು. ಕೂರ್ವೆಯ ಮನೆಗಳಿಗೆಲ್ಲ ನೀರು ಕೊಡಲು ಒಂದು ಬಾವಿಗೆ ಪಂಪು ಕೂರಿಸಿ ಟಾಕಿ ಕಟ್ಟುತ್ತಾರಂತೆ. ಹಾಳೆ ನೋಡಿ ಏಳನೆಯದನ್ನೇ ಆರಿಸಿದ್ದರು. ಮೇಲೂ ಸಿಹಿ, ತಳವೂ ಸಿಹಿ ಇದ್ದದ್ದು ಅದೊಂದೇ.

ಪಂಪು ಶುರುವಾಗುವ ದಿನ ನೋಡೋಣವೆಂದು ಮೊದಲ ದೋಣಿಗೇ ಹೋದೆ. ಅಷ್ಟು ಬೇಗ ಅಲ್ಲಿಗೆ ಹೋದದ್ದು ಅದೇ ಮೊದಲು. ಬಾವಿಕಟ್ಟೆಯ ಮುಂದೆ ನಾಲ್ಕೈದು ಹೆಂಗಸರು ಕೊಡಪಾನ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಆಯಿ ಬಗ್ಗಿ ಒಂದು ಸಣ್ಣ ತಾಮ್ರದ ತಂಬಿಗೆಯನ್ನು ತೆಳುವಾದ ದಾರದಲ್ಲಿ ಇಳಿಸುತ್ತಿದ್ದರು. ಅದು ನೀರು ಮುಟ್ಟಿದ ಸದ್ದೂ ಕೇಳಲಿಲ್ಲ. ಓರೆಯಾಗಿ ಮಲಗಿ, ಮೇಲಿನ ನಾಲ್ಕು ಬೆರಳು ನೀರನ್ನಷ್ಟೇ ತುಂಬಿಕೊಂಡು ಎದ್ದು ಬಂತು. ಹೀಗೆ ಹದಿನೆಂಟು ತಂಬಿಗೆಗೆ ಒಂದು ಕೊಡಪಾನ ತುಂಬಿತು. ಎಣಿಸಿದೆ.

"ಆಯಿ, ಕೊಡಪಾನನೇ ಇಳಿಸ್ಬಹುದಲ್ಲ?"

"ನೀರ್ ಎಬ್ಸೂಕಾಗ, ತಂಗಿ. ಎದ್ರೆ ಅಡಿಯ ಉಪ್ಪು ಮೇಲೆ ಬತ್ತದೆ. ಬೆಳಿಗ್ಗೆ ಹಿಂಗೆ ತೆಗೆದ್ರೆ ಮನೆಗೊಂದು ಕೊಡ ಆಗ್ತದೆ."

"ನಂಗೆ ಕೊಡ್ತಿದ್ದದ್ದು?"

"ಇದೇ ನೀರು. ಮತ್ತೆಂತ, ಮನೆಗೆ ಬಂದವ್ರಿಗೆ ಉಪ್ಪು ನೀರ್ ಕೊಡೂದಾ?"

ಕೂತಿದ್ದ ಹೆಂಗಸರು ನಕ್ಕರು. ಒಬ್ಬಳು, "ಅಕ್ಕೋರಿಗೆ ಇಷ್ಟೂ ಗೊತ್ತಿಲ್ಲ ಕಾಣ್ತದೆ," ಎಂದಳು. ಎಲ್ಲರಿಗೂ ಗೊತ್ತಿತ್ತು. ಹೇಳಬೇಕಾದ ವಿಷಯವೆಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೆ. ನಾನೂ ಕೇಳಿರಲಿಲ್ಲ.

"ಹಾಗಾದ್ರೆ ಪಂಪಿಗೆ ಎಂತಕ್ಕೆ ಹೂಂ ಅಂದ್ರಿ ಆಯಿ?"

ಆಯಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರು. "ನಿನ್ನ ಹಾಳೆ ತೋರ್ಸಿದ್ರು. ತಳನೂ ಸಿಹಿ ಅಂತ ಬರ್ದದೆ ಅಂದ್ರು. ನಮ್ಮತ್ತೆ ಕಾಲದ ಮಾತು ಈಗ ಇರ್ಲಿಕ್ಕಿಲ್ಲ, ಮೀಟ್ರಿಗೆ ಗೊತ್ತಾಗದೇ ಇರ್ತದಾ ಅಂದ್ಕಂಡೆ."

ಹಗ್ಗ ಇಳಿಸಲು ಕೇಳಿದೆ. ಈ ಸಲ ಅವರು ಅಡ್ಡ ಬರಲಿಲ್ಲ. ತಳದ ನೀರು 3,900 ತೋರಿಸಿತು. ಎರಡನೇ ಸಲವೂ ಅಷ್ಟೇ.

ಮೇಲಿನವರಿಗೆ ಫೋನು ಮಾಡಿದೆ. "ಎಂಟು ಸಲ ಸಿಹಿ ಅಂತ ಬರೆದವರು ನೀವೇ ಅಲ್ವಾ?" ಎಂದರು. "ಪೈಪು ಜೋಡಿಸಿ ಆಗಿದೆ. ಓಡಿಸಿ ನೋಡ್ಲಿ." ಪಂಪಿನ ಹತ್ತಿರ ನಿಂತಿದ್ದವರಿಗೂ ಮೀಟರು ತೋರಿಸಿದೆ. "ಅಕ್ಕೋರೆ, ನಿನ್ನೆ ಪಾಸು ಮಾಡಿ ಇವತ್ತು ನಪಾಸಾ?" ಎಂದು ಒಬ್ಬರು ತಮಾಷೆ ಮಾಡಿದರು. ದೋಣಿಯವ ಮಾತ್ರ ನಗಲಿಲ್ಲ. "ನಲ್ಲಿ ಬತ್ತದೆ ಅಂತ ನಮ್ಮನೆಯವಳು ನಿನ್ನೆಯಿಂದ ಪಾತ್ರೆ ತೊಳ್ದಿಟ್ಟಾಳೆ. ಈಗ ಹೋಗಿ ಎಂತ ಹೇಳೂದು?"

ಹತ್ತು ಗಂಟೆಗೆ ಪಂಪು ಶುರುವಾಯಿತು. ನಾನು ನಲ್ಲಿಯ ಬಳಿ ಕೂತು ತಾಸಿಗೊಮ್ಮೆ ಅಳೆದೆ. ಮೊದಲ ತಾಸು 450. ಹನ್ನೆರಡಕ್ಕೆ 1,200. ಮೂರು ಗಂಟೆಗೆ ಮೀಟರೇ ಬೇಕಾಗಿರಲಿಲ್ಲ, ಬಾಯಿಗೆ ಹಾಕಿದವರು ಉಗಿಯುತ್ತಿದ್ದರು. ಸರಿಹೋಗಬಹುದೆಂದು ಇನ್ನೂ ಎರಡು ದಿನ ಓಡಿಸಿದರು. ನಾಲ್ಕನೇ ದಿನ ನಿಲ್ಲಿಸಿದರು. ಆಮೇಲೆ ಆಯಿ ಬೆಳಿಗ್ಗೆ ತಂಬಿಗೆ ಎಷ್ಟೇ ಮೆಲ್ಲಗೆ ಇಳಿಸಿದರೂ ಮೇಲಿನ ನೀರೂ ಉಪ್ಪೇ.

ನನ್ನ ಬಳಿಯಿದ್ದ ಹಾಳೆಗಳಲ್ಲಿ ತಳದ ಚೌಕದ ಎಂಟು ಅಂಕಿಗಳ ಮೇಲೆ ಕೆಂಪು ಗೆರೆ ಎಳೆದು, ಯಾಕೆಂದು ಪಕ್ಕದಲ್ಲಿ ಬರೆದು, ಪ್ರತಿಯನ್ನು ಕಚೇರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಕೂರ್ವೆಗೆ ಈಗ ಕ್ಯಾನುಗಳಲ್ಲಿ ನೀರು ಹೋಗುತ್ತದೆ, ಎರಡು ದಿನಕ್ಕೊಮ್ಮೆ, ಅದೇ ದೋಣಿಯಲ್ಲಿ. ದೋಣಿಯವ ನನ್ನನ್ನು ಅಕ್ಕೋರು ಎನ್ನುವುದನ್ನು ಬಿಟ್ಟಿದ್ದಾನೆ. ಕ್ಯಾನುಗಳ ನಡುವೆ ಕಾಲಿಡಲು ಜಾಗ ಮಾಡಿಕೊಟ್ಟು ಹುಟ್ಟು ಹಾಕುತ್ತಾನೆ.

ಜೂನಿನಲ್ಲಿ ಮಳೆ ಹಿಡಿಯಿತು. ಜುಲೈ ಮುಗಿಯುವಷ್ಟರಲ್ಲಿ ಉಳಿದ ಹನ್ನೊಂದು ಬಾವಿಗಳ ಅಂಕಿ ಇಳಿದಿತ್ತು. ಅಮಾವಾಸ್ಯೆಯ ಮರುದಿನ ಏಳನೆಯದಕ್ಕೆ ಹೋದಾಗ ಆಯಿ ಜಗುಲಿಯ ಮೇಲೆ ಕಾದಿದ್ದರು, ಪಕ್ಕದಲ್ಲಿ ಮುಚ್ಚಿಟ್ಟ ತಂಬಿಗೆ. ನಾನು ಮೀಟರು ತೆಗೆದೆ.

"ಅದು ಆಮೇಲೆ," ಎಂದರು. "ಮೊದ್ಲು ಕುಡಿ. ನನ್ನ ನಾಲಿಗೆ ಸರಿ ಇಲ್ಲ ಕಾಣ್ತದೆ. ನೀನು ಹೇಳು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕುಡಿದೆ.

"ಇನ್ನೂ ಉಪ್ಪೇ, ಆಯಿ."

ಅವರು ತಂಬಿಗೆ ತೆಗೆದುಕೊಂಡು ಮಳೆಯಲ್ಲೇ ಅಂಗಳಕ್ಕಿಳಿದರು. ತುಳಸಿಯ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ಬೇಲಿಯವರೆಗೂ ನಡೆದು ಹೋಗಿ, ನೀರನ್ನು ಆಚೆಗೆ ಚೆಲ್ಲಿದರು.