ಲ್ಯಾಮಿನೇಷನ್ ಆದ ಸೀಟು

ನನಗೊಂದು ಚಟವಿದೆ. ಮುಖ್ಯವಾದ ಕಾಗದ ಕೈಗೆ ಸಿಕ್ಕಿತೆಂದರೆ ಅದಕ್ಕೆ ಪ್ಲಾಸ್ಟಿಕ್ ಹೊದಿಸುವವರೆಗೆ ಸಮಾಧಾನವಿರುವುದಿಲ್ಲ. ನಮ್ಮ ಬೀರುವಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ರೇಷನ್ ಕಾರ್ಡು, ಮದುವೆಯ ಲಗ್ನಪತ್ರಿಕೆ ಎಲ್ಲವೂ ಲ್ಯಾಮಿನೇಟ್ ಆಗಿ ಬೆಚ್ಚಗೆ ಮಲಗಿವೆ. ಒಮ್ಮೆ ಮಗಳ ಲಸಿಕೆ ಕಾರ್ಡನ್ನೂ ಮಾಡಿಸಿಬಿಟ್ಟಿದ್ದೆ. ಮುಂದಿನ ಸಲ ಹೋದಾಗ ನರ್ಸಮ್ಮ ಪೆನ್ನು ಹಿಡಿದು, "ಇನ್ನು ಎಲ್ಲಿ ಬರೀಲಿ ಮೇಡಂ, ಮಗು ಬೆನ್ನ ಮೇಲಾ?" ಎಂದು ಕೇಳಿದರು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ಆ ಲಸಿಕೆಯ ಮಗು, ಶ್ರುತಿ, ಬೆಳೆದು ದ್ವಿತೀಯ ಪಿಯುಸಿಗೆ ಬಂದಿದ್ದಳು. ಪೀಣ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನನ್ನ ಕೆಲಸ, ದಾಸರಹಳ್ಳಿಯಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ. ಚಳಿಗಾಲದಲ್ಲಿ ಅವಳು ಹೊರರಾಜ್ಯದ ಒಂದು ವಿಜ್ಞಾನ ಕಾಲೇಜಿನ ಪರೀಕ್ಷೆ ಬರೆದು, ಸಂದರ್ಶನವನ್ನೂ ಮುಗಿಸಿ ಬಂದಿದ್ದಳು. ಫೆಬ್ರವರಿಯಲ್ಲಿ ಪತ್ರ ಬಂತು. ಐದು ವರ್ಷದ ಕೋರ್ಸಿಗೆ ಸೀಟು, ಜೊತೆಗೆ ಪ್ರತಿಭೆ ನೋಡಿ ಕೊಡುವ ಸಂಶೋಧನಾ ವಿದ್ಯಾರ್ಥಿವೇತನ. ಪಿಯುಸಿ ಪರೀಕ್ಷೆಗೆ ಮಾತ್ರ ಇನ್ನೂ ಮೂರು ವಾರವಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಗಾದೆಯಲ್ಲಿ ನಗುತ್ತೇವೆ. ಇಲ್ಲಿ ಕುಲಾವಿಯನ್ನು ಕಾಲೇಜಿನವರೇ ಹೊಲಿದು ಅಂಚೆಯಲ್ಲಿ ಕಳಿಸಿದ್ದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸ್ಟೋರಿನಲ್ಲಿ ಅರ್ಧ ಇಂಚಿನ ಬೋಲ್ಟು ಕೇಳಿದವರಿಗೆ ಮುಕ್ಕಾಲು ಇಂಚಿನದು ಕೊಟ್ಟೆ. ಹಾವೇರಿ ಕಡೆಯವರಾದ ನಮ್ಮ ಅತ್ತೆ ಪತ್ರವನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿ, "ಯಾರ ಮುಂದೂ ಹೇಳಬ್ಯಾಡವಾ, ದೃಷ್ಟಿ ಆಗ್ತದ" ಎಂದರು. ನಾನು ತಲೆಯಾಡಿಸಿದೆ. ಸಂಜೆಯೊಳಗೆ ಹೂವಿನವಳಿಗೆ, ಹಾಲಿನ ಬೂತಿನವರಿಗೆ, ಕೆಳಮನೆಯ ಮಂಜುಳಾ ಅವರಿಗೆ ಹೇಳಿ ಮುಗಿದಿತ್ತು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೂ ಹೇಳಿದೆ. ಪಾಪ, ಅವರು ಕೇಳಿದ್ದು ಜಾಲಹಳ್ಳಿ ಕ್ರಾಸ್ ಬಂತಾ ಎಂದು.

ಓದುವವರಿಗೆ ಕೊಡುವ ಇಂಥ ದಾನದ ಕಾಗದಗಳ ಬಗ್ಗೆ ಯೋಚಿಸಿದರೆ ನನಗೆ ಹಳೆಯ ಅರಸರು ಜಾಣರು ಎನ್ನಿಸುತ್ತದೆ. ವಿದ್ವಾಂಸರಿಗೆ ಭೂಮಿ ಬಿಟ್ಟರೆ ಕಲ್ಲಿನ ಮೇಲೆ ಕೊರೆಸುತ್ತಿದ್ದರು, ಸೂರ್ಯಚಂದ್ರರು ಇರುವವರೆಗೆ ನಡೆಯಲಿ ಎಂದು. ಕಲ್ಲಿಗೆ ಪ್ಲಾಸ್ಟಿಕ್ಕೂ ಬೇಡ. ಸಾಲದ್ದಕ್ಕೆ, ಈ ದಾನವನ್ನು ಕಿತ್ತುಕೊಂಡವರು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾರೆಂದು ಕೊನೆಗೊಂದು ಶಾಪ. ಶ್ರುತಿಯ ಪತ್ರದಲ್ಲಿ ಸೂರ್ಯಚಂದ್ರರ ಜಾಗದಲ್ಲಿ ಷರತ್ತುಗಳಿದ್ದವು. ಪಿಯುಸಿಯಲ್ಲಿ ಇಷ್ಟು ಅಂಕ ಬರಬೇಕು, ಬಾರದಿದ್ದರೆ ಸೀಟೂ ಇಲ್ಲ, ವೇತನವೂ ಇಲ್ಲ. ಆ ಸಾಲನ್ನು ನಾನೂ ಓದಿದ್ದೆ. ಆದರೆ ಮದುವೆಯ ಮನೆಯಲ್ಲಿ ಹರಿದ ಚಾಪೆಯನ್ನು ಮಡಿಸಿ ಇಡುವ ಹಾಗೆ ಅದನ್ನು ಮನಸ್ಸಿನ ಮೂಲೆಗೆ ತಳ್ಳಿದ್ದೆ.

ನಾಲ್ಕನೆಯ ದಿನ, ಪತ್ರವನ್ನು ಕಾರ್ಖಾನೆಯಲ್ಲಿ ತೋರಿಸುವ ಆಸೆಯಾಯಿತು. ಅಲ್ಲಿ ಎಲ್ಲರ ಕೈಯೂ ಗ್ರೀಸು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳ ಕೆಲಸದ ಧೂಳು ಬೇರೆ. ನೇರ ಜೆರಾಕ್ಸ್ ಅಂಗಡಿಗೆ ಹೋಗಿ, ನನ್ನ ಚಟ ತೀರಿಸಿಕೊಂಡು ಬಂದೆ. ಪತ್ರ ಫಳಫಳ ಹೊಳೆಯಿತು. ಇಡೀ ಸ್ಟೋರು ಅದನ್ನು ಮುಟ್ಟಿ ನೋಡಿತು.

ಸಂಜೆ ಅದನ್ನು ನೋಡಿದ ಶ್ರುತಿಯ ಮುಖ ಬಿಳುಚಿಕೊಂಡಿತು. "ಅಮ್ಮ, ಕೆಳಗಡೆ ಓದಿದ್ಯಾ?" ಎಂದಳು. ಕೆಳಗಿನ ಅರ್ಧ ಪುಟ ತುಂಬಿ ಕಳಿಸಬೇಕಾದ ಚೀಟಿಯಂತೆ. ಒಪ್ಪಿದ್ದೇನೆ, ಒಪ್ಪಿಲ್ಲ ಎಂದು ಎರಡು ಚೌಕ. ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ, ಮೂಲಪತ್ರವನ್ನೇ ಆ ಶನಿವಾರದೊಳಗೆ ತಲುಪಿಸಬೇಕು. ತಲುಪದಿದ್ದರೆ ಸೀಟು ಮುಂದಿನವರಿಗೆ. ಅಂದು ಸೋಮವಾರ. ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡಿದೆ. ಅಂಗಡಿಯವನು ಒಂದು ಮೂಲೆಯನ್ನು ಉಗುರಿನಿಂದ ಕೆರೆದು ನೋಡಿ, "ಇದು ಬಿಡಲ್ಲ ಅಕ್ಕ. ಎಳೆದ್ರೆ ಅಕ್ಷರಾನೂ ಕಿತ್ಕೊಂಡು ಬರುತ್ತೆ" ಎಂದ.

ಮರುದಿನ ರಜೆ ಹಾಕಿ, ಹತ್ತು ಗಂಟೆಗೆ ಸರಿಯಾಗಿ ಕಾಲೇಜಿನ ಆಫೀಸಿಗೆ ಫೋನ್ ಮಾಡಿದೆ. ನನ್ನ ಹರುಕು ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡಾಗ ಆ ಕಡೆಯ ಗುಮಾಸ್ತರು ನಗಲೂ ಇಲ್ಲ, ಬೈಯಲೂ ಇಲ್ಲ. ಪ್ರತಿ ವರ್ಷ ಇಬ್ಬರು ಮೂವರು ತಂದೆತಾಯಿ ಇದನ್ನೇ ಮಾಡುತ್ತಾರಂತೆ. ಜೆರಾಕ್ಸ್ ತೆಗೆಸಿ, ಅದರ ಮೇಲೆ ಸಹಿ ಮಾಡಿ, ಎರಡನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಎಂದರು. ಹೋದ ಜೀವ ಬಂದಂತಾಯಿತು.

ಜೆರಾಕ್ಸ್ ತಂದು ಶ್ರುತಿಯ ಮುಂದಿಟ್ಟು, "ಬೇಗ ಹಾಕು ಮರಿ, ಪೋಸ್ಟಾಫೀಸಲ್ಲಿ ಕ್ಯೂ ಇರುತ್ತೆ" ಎಂದೆ. ಅವಳು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

"ಯಾವ ಚೌಕಕ್ಕೆ ಹಾಕ್ತೀಯ ಅಂತ ನೀನು ಕೇಳೇ ಇಲ್ವಲ್ಲಮ್ಮ" ಎಂದಳು.

ನನಗೆ ನಿಜಕ್ಕೂ ಅರ್ಥವಾಗಲಿಲ್ಲ. "ಹೋಗೋಕೆ ಇಷ್ಟ ಇಲ್ವಾ?"

"ಇಷ್ಟ ಇದೆ. ತುಂಬಾನೇ ಇದೆ. ಆದ್ರೆ ಮಾರ್ಕ್ಸ್ ಬರ್ದೇ ಇದ್ರೆ? ನೀನು ಆಗ್ಲೇ ಇಡೀ ದಾಸರಹಳ್ಳಿಗೆ ಹೇಳಿದೀಯ. ಪುಸ್ತಕ ತೆಗೆದ್ರೆ ಅವರ ಮುಖಗಳೇ ಕಾಣ್ತವೆ. ಒಪ್ಪಿಲ್ಲ ಅಂತ ಹಾಕಿದ್ರೆ, ನಾನೇ ಬೇಡ ಅಂದೆ ಅಂತಾದ್ರೂ ಹೇಳಬಹುದು."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ನಾಲ್ಕು ದಿನದಿಂದ ಅವಳು ಮಾತಾಡದಿದ್ದುದನ್ನು ನಾನು ಓದಿನ ಏಕಾಗ್ರತೆ ಎಂದುಕೊಂಡು ಹಾರ್ಲಿಕ್ಸ್ ಕಲಸಿ ಕೊಡುತ್ತಿದ್ದೆ. ಪಕ್ಕದಲ್ಲಿ ಕೂತು, "ಬರ್ದೇ ಇದ್ರೆ ಬರಲ್ಲ. ಊರಿಗೆ ಹೇಳಿದ್ದು ನಾನು, ಊರಿಗೆ ಉತ್ತರಾನೂ ನಾನೇ ಕೊಡ್ತೀನಿ. ನಿನಗೆ ಬೇಕಾಗಿದ್ದಕ್ಕೆ ಹಾಕು" ಎಂದೆ. ಬೇರೆ ಚೌಕಕ್ಕೆ ಹಾಕಿಬಿಟ್ಟರೆ ಎಂಬ ದಿಗಿಲು ಒಳಗೆ ಇದ್ದೇ ಇತ್ತು. ಆದರೂ ಎದ್ದು ಅಡುಗೆಮನೆಗೆ ಹೋಗಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ. ಅವಳು ಬಂದು ಚೀಟಿ ತೋರಿಸಿದಳು. ಒಪ್ಪಿದ್ದೇನೆ ಎಂಬುದಕ್ಕೆ ಗುರುತು ಬಿದ್ದಿತ್ತು.

ಪೋಸ್ಟ್ ಮಾಡಿ ಇಬ್ಬರೂ ಮನೆಗೆ ಬರುವಾಗ ಮೆಟ್ಟಿಲ ಬಳಿ ಮಂಜುಳಾ ಸಿಕ್ಕಿದರು. "ಸೀಟಿನ ವಿಷ್ಯ ಏನಾಯ್ತು ಮೇಡಂ?" ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡು, "ಇನ್ನೂ ಪರೀಕ್ಷೆ ಇದೆ, ಓದ್ತಿದ್ದಾಳೆ" ಎಂದು ಗೊಣಗಿದೆ.

"ಸಿಕ್ಕಿದೆ ಆಂಟಿ" ಎಂದಳು ಶ್ರುತಿ, ಬಸ್ಸಿನ ಟೈಮು ಹೇಳುವಷ್ಟು ಸಲೀಸಾಗಿ. "ಪರೀಕ್ಷೆ ಚೆನ್ನಾಗಿ ಬರೆದ್ರೆ ಉಳಿಯುತ್ತೆ. ಇಲ್ದಿದ್ರೆ ಹೋಗುತ್ತೆ."

"ಒಳ್ಳೇದಾಗ್ಲಿ" ಎಂದು ಮಂಜುಳಾ ಒಳಗೆ ಹೋದರು. ಮೆಟ್ಟಿಲು ಹತ್ತುವಾಗ ನನಗೆ ಹೊಳೆಯಿತು. ಇಷ್ಟು ದಿನ ನಾನು ಊರೆಲ್ಲ ಹೇಳಿಕೊಂಡು ಬಂದದ್ದು ಅರ್ಧ ಸುದ್ದಿ. ಇನ್ನರ್ಧವನ್ನೂ ಹೇಳಬಲ್ಲವಳಿಗೇ ಆ ಕಾಲೇಜಿನವರು ಸೀಟು ಕೊಟ್ಟಿದ್ದರು.